ಕಿಲ್ಲಾರಿ ಭೂಕಂಪ ಮತ್ತು ಗದಗ ಸೀಮೆಯ ಒಂದು ಮಾಳಿಗೆ ಮನೆ: ಪ್ರಕರಣ ಅಧ್ಯಯನ

ಹಿನ್ನೆಲೆ

ಇಲ್ಲಿ ವಿವರಿಸಿರುವ ಮನೆ ಗದಗ ಜಿಲ್ಲೆಯ ಒಂದು ಹಳೆಯ ಪೇಟೆಯ ಊರಿನಲ್ಲಿದೆ. ಊರಿನ ಹೆಸರು, ಮನೆತನದ ಹೆಸರು, ಓಣಿಯ ಗುರುತು ಯಾವುದನ್ನೂ ಕೊಟ್ಟಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ಸಂಗತಿಗಳನ್ನು ಬೇಕೆಂದೇ ಬದಲಿಸಿದ್ದೇನೆ. ಹಳೆಯ ಕಟ್ಟಡಗಳನ್ನು ಬಲಪಡಿಸುವ ಕೆಲಸದಲ್ಲಿ ಸಲಹೆಗಾರನಾಗಿ ಈ ಮನೆಯವರೊಂದಿಗೆ ಸಂಬಂಧ ಬಂದಿತು. ಇಂಥ ಮನೆಗಳು ನಮ್ಮ ಕಡೆ ಇನ್ನೂ ಸಾವಿರಾರು ಇರುವುದರಿಂದಲೂ, ಈ ಮನೆಯವರು ಎದುರಿಸಿದ ಪ್ರಶ್ನೆ ಅವರೆಲ್ಲರ ಮುಂದೆಯೂ ಇರುವುದರಿಂದಲೂ ನಡೆದದ್ದನ್ನು ಬರೆದಿಡುವುದು ಉಪಯುಕ್ತ ಎನಿಸಿತು.

ಮನೆಯ ವಿನ್ಯಾಸ ನಮ್ಮ ಭಾಗದವರಿಗೆ ಅಪರಿಚಿತವಲ್ಲ. ಬೀದಿಗೆ ಕಟ್ಟೆ, ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಪಡಸಾಲಿ, ಒಳಗೆ ದೇವರಕೋಣೆ ಮತ್ತು ಅಡುಗೆಮನೆ, ಹಿಂದೆ ಹಿತ್ತಲು. ಗೋಡೆಗಳು ಎರಡೂವರೆ ಅಡಿ ದಪ್ಪ. ಕೆತ್ತದ ಕಾಡುಗಲ್ಲನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿ ಕಟ್ಟಿದ್ದು. ಮೇಲೆ ಸಾಗವಾನಿ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು ಮತ್ತು ಜೋಳದ ದಂಟಿನ ಹಾಸು, ಅದರ ಮೇಲೆ ಬಡಿದ ಮಣ್ಣು. ಈ ಮೇಲ್ಮುದ್ದಿ ಮಾಳಿಗೆಗೆ ಮುಂಗಾರಿನ ಮುಂಚೆ ಪ್ರತಿ ವರ್ಷ ಒಂದು ಪದರ ಸವಳು ಮಣ್ಣು ಹಾಕಿ ಬಡಿಯುವ ರೂಢಿ ಉಂಟು. ಹಾಕುವವರು ಹಳೆಯದನ್ನು ತೆಗೆದು ಹಾಕುವುದಿಲ್ಲ. ಅಜ್ಜನ ಕಾಲದಲ್ಲಿ ಗೇಣು ಮಣ್ಣಿದ್ದ ಮಾಳಿಗೆಯ ಮೇಲೆ ಈಗ ಒಂದೂವರೆ ಅಡಿ ಮಣ್ಣು ಕೂತಿತ್ತು, ಮತ್ತು ಅದು ಹೆಚ್ಚಿದ್ದು ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ.

ಮನೆಯ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಮೂವರು ಸಹೋದರರ ಹೆಸರಿದೆ. ಹಿರಿಯರು ಒಕ್ಕಲುತನ ನೋಡಿಕೊಳ್ಳುತ್ತಾರೆ, ನಡುವಿನವರು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದಾರೆ, ಕಿರಿಯವರದು ಊರಲ್ಲೇ ಅಂಗಡಿ. ವಯಸ್ಸಾದ ತಾಯಿ ಹಿರಿಯ ಮಗನ ಜೊತೆ ಅದೇ ಮನೆಯಲ್ಲಿದ್ದಾರೆ. ತಂಗಿಯನ್ನು ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ಕೊಟ್ಟಿದೆ. ಪ್ರಕರಣ ಶುರುವಾದದ್ದು ಈ ತಂಗಿಯಿಂದ.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಮೇಲಿಂದ ಮೇಲೆ ಭೂಮಿ ಕಂಪಿಸಿ, ಜನ ಮನೆಯ ಹೊರಗೆ ಮಲಗುವಂತಾಗಿತ್ತು. ದೀಪಾವಳಿಗೆ ತವರಿಗೆ ಬಂದ ಆಕೆ ಪಡಸಾಲಿಯಲ್ಲಿ ಮಲಗಲು ಒಪ್ಪಲಿಲ್ಲ. ಮಕ್ಕಳನ್ನು ಕರೆದುಕೊಂಡು ಹಿತ್ತಲಿನಲ್ಲಿ ಹಾಸಿಗೆ ಹಾಕಿದರು. "ಕಿಲ್ಲಾರಿಯಾಗ ಹಿಂಗ ಮಾಳಿಗಿ ಕೆಳಗ ಮಲಗಿದ್ದ ಮಂದೀನ ಹೋದ್ರಣ್ಣಾ" ಎಂದು 1993ರ ಭೂಕಂಪಕ್ಕೆ ಸಿಕ್ಕ ಮಹಾರಾಷ್ಟ್ರದ ಕಿಲ್ಲಾರಿ ಊರನ್ನು ನೆನೆದು ಅಣ್ಣನಿಗೆ ಗೋಡೆಯ ಬಿರುಕುಗಳನ್ನು ತೋರಿಸಿದರು. ತಾಯಿಯ ಉತ್ತರ ಬೇರೆಯಾಗಿತ್ತು: "ಕೊಯ್ನಾ ನಡಗಿದಾಗ ಮಾಡದಾಗಿನ ತಂಬಿಗಿ ಉಳ್ಳಿ ಬಿದ್ದಿದ್ವು. ಮನಿ ಏನೂ ಆಗಿದ್ದಿಲ್ಲ." 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದಲ್ಲಿ ಆದ ಕೊಯ್ನಾ ಭೂಕಂಪವನ್ನು ನೆನಪಿಟ್ಟುಕೊಂಡ ಹಿರಿಯರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ, ಮತ್ತು ಅವರಲ್ಲಿ ಬಹುತೇಕರ ವಾದ ಇದೇ: ಆಗ ಬೀಳದ ಮನೆ ಈಗೇಕೆ ಬೀಳುತ್ತದೆ? ಆ ಮಾತಿಗೆ ಉತ್ತರ ಮಾಳಿಗೆಯ ಮೇಲೆಯೇ ಇತ್ತು. ಆಗಿನ ಭಾರ ಬೇರೆ, ಈಗಿನ ಭಾರ ಬೇರೆ.

ಕಿಲ್ಲಾರಿಯಲ್ಲಿ ನಿಜಕ್ಕೂ ಆದದ್ದು

ಮನೆಯವರ ಮಾತುಕತೆಯಲ್ಲಿ ಕಿಲ್ಲಾರಿಯ ಹೆಸರು ಪದೇಪದೇ ಬರುತ್ತಿತ್ತು. ಆದರೆ ಪ್ರತಿಯೊಬ್ಬರೂ ಅದರಿಂದ ಬೇರೆಬೇರೆ ಅರ್ಥ ತೆಗೆಯುತ್ತಿದ್ದರು. ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳಬೇಕಾಯಿತು.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ್ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳನ್ನು ಅಲುಗಿಸಿದ ಭೂಕಂಪದ ಪ್ರಮಾಣ ಸುಮಾರು 6.2. ಗಣೇಶ ವಿಸರ್ಜನೆ ಮುಗಿಸಿ ಊರುಗಳು ಮಲಗಿದ್ದ ಹೊತ್ತು. ಸುಮಾರು 10,000 ಜನ ಸತ್ತರು. ಇದನ್ನು 2001ರ ಜನವರಿ 26ರ ಭುಜ್ ಭೂಕಂಪದ ಪಕ್ಕದಲ್ಲಿಟ್ಟು ನೋಡಬೇಕು. ಅದರ ಪ್ರಮಾಣ 7.7, ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಕಿಲ್ಲಾರಿಯದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಭುಜ್, ಅಂಜಾರ್, ಭಚಾವು, ರಾಪರ್‌ನಂಥ ಪಟ್ಟಣಗಳನ್ನೇ ಕೆಡವಿದ ಆ ಭೂಕಂಪದಲ್ಲಿ ಗುಜರಾತ್ ಸರ್ಕಾರದ ಲೆಕ್ಕದಂತೆ ಸತ್ತವರು ಸುಮಾರು 13,800. ಭುಜ್‌ನಲ್ಲಿ ಭೂಮಿ ನಡುಗಿದ್ದು ಬೆಳಗಿನ 8 ಗಂಟೆ 46 ನಿಮಿಷಕ್ಕೆ, ಜನ ಎಚ್ಚರವಿದ್ದರು ಎಂಬುದೂ ನಿಜ. ಆದರೂ ಅಷ್ಟು ಚಿಕ್ಕ ಭೂಕಂಪ ಹೆಚ್ಚಾಗಿ ಹಳ್ಳಿಗಳೇ ಇದ್ದ ಸೀಮೆಯಲ್ಲಿ ಅಷ್ಟೊಂದು ಜನರನ್ನು ಕೊಂದದ್ದಕ್ಕೆ ಹೊತ್ತೊಂದೇ ಕಾರಣವಲ್ಲ. ಅಲ್ಲಿನ ಮನೆಗಳೂ ಕಾರಣ, ಮತ್ತು ಆ ಮನೆಗಳು ನಮ್ಮವೇ: ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣು.

ಆಗ ಬಳಕೆಯಲ್ಲಿದ್ದ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಮೊದಲನೆಯ ವಲಯದಲ್ಲಿತ್ತು. ಅಂದರೆ ದೇಶದ ಅತ್ಯಂತ ಕಡಿಮೆ ಅಪಾಯದ ಜಾಗಗಳಲ್ಲೊಂದು. 1992ರಲ್ಲಿ ಸಣ್ಣ ಕಂಪನಗಳು ಆಗಿಹೋಗಿದ್ದವು, ನಂತರ ನಿಂತಿದ್ದವು. 2002ರಲ್ಲಿ ಭಾರತೀಯ ಮಾನಕ ಸಂಸ್ಥೆ ನಕ್ಷೆಯನ್ನು ಪರಿಷ್ಕರಿಸಿದಾಗ ಮೊದಲನೆಯ ವಲಯವನ್ನೇ ತೆಗೆದುಹಾಕಿತು. ಆ ನಕ್ಷೆಯಲ್ಲಿ ಲಾತೂರ್ ಸೀಮೆ ಮೂರನೆಯ ವಲಯಕ್ಕೆ ಬಂತು. ನಮ್ಮ ಬೆಳಗಾವಿ, ಧಾರವಾಡಗಳೂ ಅದರಲ್ಲಿ ಅದೇ ವಲಯದಲ್ಲಿದ್ದವು. ನೆಲದ ವಿಷಯದಲ್ಲಿ ಕಿಲ್ಲಾರಿಗೂ ಗದಗಿಗೂ ಹೋಲಿಕೆ ಕಡಿಮೆ. ಅಲ್ಲಿ ಎರೆ ಮಣ್ಣಿನ ಕೆಳಗೆ ದಖ್ಖನ್ನಿನ ಬಸಾಲ್ಟ್ ಬಂಡೆ. ನಮ್ಮಲ್ಲಿ ಎರೆ ಇದ್ದರೂ ಕೆಳಗಿರುವುದು ಕಪ್ಪತಗುಡ್ಡದಲ್ಲಿ ಹೊರಗೆ ಕಾಣುವ, ಬಹಳ ಹಳೆಯ ಧಾರವಾಡ ಶಿಲಾಪಟ್ಟಿ. ಹಾಗಾಗಿ ಅಲ್ಲಿ ಆದದ್ದು ಇಲ್ಲೂ ಆಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಆದರೆ ಮನೆ ಕಟ್ಟುವ ರೀತಿ ಒಂದೇ ಆಗಿರುವಾಗ, ಅಲ್ಲಿಗಿಂತ ಕಡಿಮೆ ಕಂಪನ ಬಂದರೂ ಯಾವುದು ಮೊದಲು ಬೀಳುತ್ತದೆ ಎಂಬುದನ್ನು ಕಿಲ್ಲಾರಿಯೇ ಹೇಳಿಕೊಡುತ್ತದೆ.

ಅದು ಹೇಳಿಕೊಟ್ಟದ್ದರಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಸಂಗತಿ ಒಂದಿದೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆ ಕುಸಿದು ರಾಶಿ ಬಿದ್ದಿದ್ದರೂ ಒಳಗಿನ ಮರದ ಕಂಬ-ತೊಲೆಗಳ ಚೌಕಟ್ಟು ನಿಂತೇ ಇತ್ತು. ಕಂಬಗಳು ಮಾಳಿಗೆಯನ್ನು ಹೊತ್ತ ಕಡೆ ಮಾಳಿಗೆ ಉಳಿಯಿತು, ಜಂತಿಯ ತುದಿಗಳು ಗೋಡೆಯ ಮೇಲೆಯೇ ಕೂತಿದ್ದ ಕಡೆ ಗೋಡೆಯೊಂದಿಗೆ ಮಾಳಿಗೆಯೂ ಬಂತು. ಒಂದೇ ಊರಿನಲ್ಲಿ, ಒಂದೇ ಸಾಲಿನ ಮನೆಗಳಲ್ಲಿ ಈ ಎರಡೂ ಬಗೆ ಇದ್ದವು.

ಸಮಸ್ಯೆ

ಹಿರಿಯ ಅಣ್ಣ ಮೊದಲು ಕೇಳಿದ್ದು ಬಿರುಕುಗಳ ಬಗ್ಗೆ: ಇವು ಭೂಕಂಪದ ಬಿರುಕುಗಳೇ? ಅಲ್ಲ. ಮನೆ ನಿಂತಿರುವುದು ಎರೆ ನೆಲದ ಮೇಲೆ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಜೊತೆ ಆಳವಿಲ್ಲದ ಪಾಯವೂ ಏರಿಳಿಯುತ್ತದೆ. ಮೂಲೆಯಿಂದ ಓರೆಯಾಗಿ ಏರಿ ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದ ಬಿರುಕುಗಳು ಆ ಜಾತಿಯವು. ಇದನ್ನು ತಿಳಿಯದೆ ಅಣ್ಣ ಹಿಂದೆಯೇ ಅವುಗಳಿಗೆ ಸಿಮೆಂಟ್ ತುಂಬಿಸಿದ್ದರು. ಸಿಮೆಂಟು ಗಟ್ಟಿಯಾಗಿ ಉಳಿಯಿತು, ಅದರ ಪಕ್ಕದಲ್ಲೇ ಹೊಸ ಬಿರುಕು ಬಿಟ್ಟಿತು. ಬೀದಿಯ ಕಡೆಯ ಗೋಡೆಗೆ ಹೊರಗಿನಿಂದ ಸಿಮೆಂಟ್ ಗಿಲಾವೂ ಆಗಿತ್ತು. ಮಣ್ಣಿನ ಗೋಡೆಯ ತೇವ ಹೊರಬರಲು ದಾರಿ ಇಲ್ಲದೆ ಗಿಲಾವಿನ ಹಿಂದೆ ನಿಂತು, ಬುಡದ ಕೆಸರು ಸಡಿಲವಾಗಿತ್ತು. ನೋಡಲು ಚೊಕ್ಕವಾಗಿದ್ದ ಆ ಗೋಡೆಯೇ ಮನೆಯ ಅತ್ಯಂತ ದುರ್ಬಲ ಗೋಡೆಯಾಗಿತ್ತು.

ನಿಜವಾದ ಅಪಾಯದ ಗುರುತು ಬಿರುಕಿನಲ್ಲಿ ಇರಲಿಲ್ಲ, ಹೊಟ್ಟೆಯಲ್ಲಿತ್ತು. ಪಡಸಾಲಿಯ ಉತ್ತರ ಗೋಡೆ ಎದೆಯ ಎತ್ತರದಲ್ಲಿ ಹೊರಗೆ ಹೊಟ್ಟೆ ಬಿಟ್ಟಿತ್ತು. ತೂಗುಗುಂಡು ಇಳಿಬಿಟ್ಟರೆ ನಡುವೆ ದಾರ ಗೋಡೆಗೆ ತಾಗುತ್ತಿತ್ತು, ಬುಡದಲ್ಲಿ ಮೂರು ಬೆರಳು ಹಿಡಿಸುವಷ್ಟು ಸಂದು ಉಳಿಯುತ್ತಿತ್ತು. ಬಿರುಕಿಗೆ ಸಿಮೆಂಟ್ ತುಂಬಿದ್ದ ಮನೆಯವರು ಈ ಹೊಟ್ಟೆಯನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದರಿಂದ ಅದನ್ನು ಗೋಡೆಯ ಸಹಜ ಆಕಾರವೆಂದೇ ತಿಳಿದಿದ್ದರು.

ಸ್ಲ್ಯಾಬಿನ ವಾದ

ನಡುವಿನ ತಮ್ಮ ಲೆಕ್ಕ ಹಾಕಿಕೊಂಡೇ ಬಂದಿದ್ದರು. ಮಣ್ಣು ತೆಗೆದು, ಗೋಡೆಗಳನ್ನು ಹಾಗೆಯೇ ಉಳಿಸಿ, ಅವುಗಳ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕಿಸಬೇಕೆಂಬುದು ಅವರ ಅಭಿಪ್ರಾಯ. ಕಾರಣವೂ ತೂಕದ್ದೇ. ಒಂದೂವರೆ ಅಡಿ ಮಣ್ಣು ಚದರ ಮೀಟರಿಗೆ ಸುಮಾರು 750 ಕೆಜಿ ತೂಗುತ್ತದೆ. ಐದು ಇಂಚಿನ ಸ್ಲ್ಯಾಬ್ ಸುಮಾರು 310 ಕೆಜಿ. ಮೂವತ್ತು ಚದರ ಮೀಟರಿನ ಪಡಸಾಲಿಯ ತಲೆಯ ಮೇಲೆ 22 ಟನ್ನಿಗೂ ಮಿಕ್ಕಿದ ಮಣ್ಣಿದೆ ಎಂಬುದನ್ನು ಮನೆಯವರು ಮೊದಲ ಬಾರಿ ಅಂಕಿಯಲ್ಲಿ ಕೇಳಿದ್ದು ಅವರಿಂದಲೇ. ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಇರುತ್ತದೆ, ಆದ್ದರಿಂದ ಹಗುರವಾದದ್ದು ಒಳ್ಳೆಯದು ಎಂಬ ಅವರ ತರ್ಕವೂ ತಪ್ಪಲ್ಲ.

ಆದರೂ ಈ ಸಲಹೆಯನ್ನು ಒಪ್ಪಲಾಗಲಿಲ್ಲ, ಮತ್ತು ಇಡೀ ಪ್ರಕರಣದ ಮುಖ್ಯ ತಿರುವು ಇದೇ ಎಂದು ನಾನು ತಿಳಿಯುತ್ತೇನೆ. ತೂಕ ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು, ಆ ತೂಕ ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ ಎಂಬುದು. ಈಗಿನ ಮಣ್ಣು ಭಾರವಾದರೂ ಅದು ತೊಲೆಗೆ, ತೊಲೆಯಿಂದ ಕಂಬದ ತಲೆಯ ಮೇಲೆ ಕೂಡಿಸಿದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ ಇಳಿಯುತ್ತಿದೆ. ಕಂಬಗಳನ್ನು ಕಿತ್ತು ಸ್ಲ್ಯಾಬ್ ಹಾಕಿದರೆ ಅದರ ತೂಕವೆಲ್ಲ ಮಣ್ಣಿನಲ್ಲಿ ಕೂಡಿಸಿದ, ಈಗಾಗಲೇ ಹೊಟ್ಟೆ ಬಿಟ್ಟ ಗೋಡೆಗೆ ಹೋಗುತ್ತದೆ. ಆ ಗೋಡೆ ಕಂಪನದಲ್ಲಿ ಬಿಚ್ಚಿಕೊಂಡರೆ ಸ್ಲ್ಯಾಬ್ ತುಂಡಾಗಿ ಬೀಳುವುದಿಲ್ಲ, ಇಡಿಯಾಗಿ ಬೀಳುತ್ತದೆ. ಪೂರ್ಣ ಆರ್‌ಸಿಸಿ ಚೌಕಟ್ಟಿನ ಮನೆ ಬೇರೆ ಮಾತು. ಹಳೆಯ ಕಲ್ಲಿನ ಗೋಡೆಯ ಮೇಲೆ ಕೂಡಿಸಿದ ಸ್ಲ್ಯಾಬ್ ಎರಡೂ ಪದ್ಧತಿಗಳ ಕೆಟ್ಟ ಗುಣಗಳನ್ನು ಒಟ್ಟುಗೂಡಿಸುತ್ತದೆ. ನಮ್ಮ ಊರುಗಳಲ್ಲಿ ಸುಧಾರಣೆಯ ಹೆಸರಿನಲ್ಲಿ ಅತಿ ಹೆಚ್ಚು ನಡೆಯುತ್ತಿರುವುದು ಇದೇ ಎಂಬುದು ಬೇಸರದ ಸಂಗತಿ. ಆರ್‌ಸಿಸಿ ಎಂಬ ಮೂರಕ್ಷರವೇ ರಕ್ಷೆಯಲ್ಲ ಎಂಬುದನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ; 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಯಾವ ಭೂಕಂಪವೂ ಇಲ್ಲದೆ ಕುಸಿದು 19 ಜನ ಸತ್ತರು.

ತಮ್ಮ ಒಪ್ಪಲು ಸಿದ್ಧರಿರಲಿಲ್ಲ. "ಕಂಬ ಹೊತ್ತಾವ ಅಂತ ನೀವು ಹ್ಯಾಂಗ ಹೇಳ್ತೀರಿ? ಹೊರಗ ಕಾಣಾವು ನಾಕ ಕಂಬ. ಉಳಿದ ಜಂತಿ ಗ್ವಾಡಿ ಮ್ಯಾಲೇ ಅದಾವಲ್ಲ" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಉತ್ತರಿಸಲು ಗೋಡೆಯನ್ನು ತೆರೆದು ನೋಡಬೇಕಿತ್ತು.

ತೆರೆದ ಗೋಡೆ

ಊರಿನ ಹಿರಿಯ ಗೌಂಡಿಯೊಬ್ಬರನ್ನು ಕರೆಸಲಾಯಿತು. ಅವರು ಸುತ್ತಿಗೆ ಹಿಡಿಯಲಿಲ್ಲ. ಇಂಥ ಗೋಡೆಗೆ ಏಟು ಬಿದ್ದರೆ ಬಿಚ್ಚಬಾರದ ಜಾಗವೂ ಬಿಚ್ಚುತ್ತದೆ. ಒಂದು ಕಲ್ಲಿನ ಸುತ್ತಲಿನ ಕೆಸರನ್ನು ಕಬ್ಬಿಣದ ಸಲಾಕಿಯಿಂದ ಕೆರೆದು, ಕಲ್ಲನ್ನು ಅತ್ತಿತ್ತ ಅಲ್ಲಾಡಿಸಿ, ಹಲ್ಲು ಕಿತ್ತಂತೆ ಈಚೆಗೆ ತೆಗೆದರು. ಕೈ ಹಾಕಿದಾಗ ಒಳಗಿನಿಂದ ಒಣ ಮಣ್ಣು, ಬೆಣಚು, ಹೆಂಚಿನ ಚೂರು ಮೊಣಕೈವರೆಗೂ ಸುರಿಯಿತು. ಎರಡೂವರೆ ಅಡಿ ದಪ್ಪದ ಒಂದು ಗೋಡೆ ಎಂದು ಎಲ್ಲರೂ ನಂಬಿದ್ದದ್ದು ನಿಜಕ್ಕೂ ಒಳಗೊಂದು ಹೊರಗೊಂದು ತೆಳು ಗೋಡೆ, ನಡುವೆ ತುಂಬಿದ ಪುಡಿ. ಆಚೆಯಿಂದ ಈಚೆಗೆ ಹಾಯ್ದು ಎರಡನ್ನೂ ಹಿಡಿಯುವ ಉದ್ದ ಕಲ್ಲು ಆ ಇಡೀ ಉತ್ತರ ಗೋಡೆಯಲ್ಲಿ ಒಂದೂ ಸಿಗಲಿಲ್ಲ. ಹೊಟ್ಟೆ ಬಿಟ್ಟದ್ದು ಯಾಕೆಂದು ಆಗ ಕಣ್ಣಿಗೇ ಕಂಡಿತು: ಸೋರಿದ ಮಳೆನೀರಿಗೆ ಒಳಗಿನ ಪುಡಿ ಕೆಳಗೆ ಕುಸಿದು ಹೊರಪದರವನ್ನು ದೂಡುತ್ತಿತ್ತು. ಕಿಲ್ಲಾರಿಯ ಗೋಡೆಗಳು ಬಿಚ್ಚಿಕೊಂಡದ್ದೂ ಹೀಗೆಯೇ. ಹೊಸದಾಗಿ ಕಲ್ಲಿನ ಗೋಡೆ ಕಟ್ಟುವವರಿಗೆ ಮಾನಕ ಸಂಸ್ಥೆಯ ಮಾರ್ಗಸೂಚಿ ಎತ್ತರದಲ್ಲಿ ಎರಡೆರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿ ಮೀರದಂತೆ ಇಂಥ ಹಾಯ್ಗಲ್ಲು ಇಡಬೇಕೆಂದು ಹೇಳುವುದು ಈ ಕಾರಣಕ್ಕೆ.

ಎರಡನೆಯ ಶೋಧ ಅದಕ್ಕಿಂತ ಮುಖ್ಯವಾಗಿತ್ತು. ಜಂತಿಗಳ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗಿಲಾವು ಕೆರೆದಾಗ ಗೋಡೆಯ ಒಳಮೈಗೆ ಹುದುಗಿದ ಮರದ ಕಂಬಗಳು ಕಂಡವು. ಪಡಸಾಲಿಯ ನಾಲ್ಕೂ ಸುತ್ತ ಅವು ಇದ್ದವು. ಅಂದರೆ ಕಟ್ಟಿದವರು ಗೋಡೆಯನ್ನು ನಂಬಿರಲಿಲ್ಲ. ಮಾಳಿಗೆ ಪೂರ್ತಿಯಾಗಿ ಮರದ ಮೇಲೆಯೇ ನಿಂತಿತ್ತು. ತಮ್ಮ ತುಸುಹೊತ್ತು ನೋಡಿ, ಸ್ಲ್ಯಾಬಿನ ಮಾತು ಬಿಟ್ಟು, "ಹಂಗಾರ ಕಂಬ ಗಟ್ಟಿ ಅದಾವೇನು ನೋಡ್ರಿ ಮೊದಲ" ಎಂದರು. ಗಟ್ಟಿ ಇರಲಿಲ್ಲ, ಎಲ್ಲವೂ ಅಲ್ಲ. ತೇವ ನಿಂತ ಬೀದಿ ಕಡೆಯ ಗೋಡೆಯ ಎರಡು ಕಂಬಗಳ ಬುಡ ವರಲಿ ತಿಂದು ಟೊಳ್ಳಾಗಿತ್ತು. ಇನ್ನು ಅಡುಗೆಮನೆ ಆಮೇಲೆ ಸೇರಿಸಿದ ಭಾಗ. ಅಲ್ಲಿ ಹುದುಗಿದ ಕಂಬಗಳೇ ಇರಲಿಲ್ಲ, ಜಂತಿ ನೇರವಾಗಿ ಗೋಡೆಯ ಮೇಲಿತ್ತು. ಕಿಲ್ಲಾರಿಯಲ್ಲಿ ಒಂದೇ ಸಾಲಿನಲ್ಲಿ ಕಂಡ ಎರಡೂ ಬಗೆಯ ಮನೆ ಇಲ್ಲಿ ಒಂದೇ ಸೂರಿನಡಿ ಇದ್ದವು.

ಮಾಡಿದ ಕೆಲಸ

ಮರು ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಮೊದಲು ಮಣ್ಣು. ಒಂದೂವರೆ ಅಡಿಯನ್ನು ಎಂಟು ಇಂಚಿಗೆ ಇಳಿಸಲಾಯಿತು. ಪಡಸಾಲಿಯ ಮೇಲಿನ ಭಾರ ಹತ್ತು ಟನ್ನಿನ ಆಸುಪಾಸಿಗೆ ಬಂತು. ಪೂರ್ತಿ ತೆಗೆದು ತಗಡು ಹಾಕೋಣವೆಂದು ಕಿರಿಯ ತಮ್ಮ ಹೇಳಿದಾಗ ತಾಯಿ ಸುತಾರಾಂ ಒಪ್ಪಲಿಲ್ಲ. ಏಪ್ರಿಲ್ ತಿಂಗಳ ಗದಗಿನ ಬಿಸಿಲು ಬಲ್ಲವರು ಅವರ ಮಾತು ತೆಗೆದುಹಾಕಲಾರರು. ಎಂಟು ಇಂಚಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ಸೋರಿಕೆ ನಿಂತಿತು, ವರ್ಷವರ್ಷ ಹೊಸ ಮಣ್ಣು ಹೇರುವ ಅಗತ್ಯವೂ ತಪ್ಪಿತು. ಮಣ್ಣು ತೆಗೆಯುವಾಗ ಒಂದು ಎಚ್ಚರ ಬೇಕು: ಒಂದೇ ಬದಿಯಿಂದ ತೆಗೆದರೆ ಹಳೆಯ ಮರಕ್ಕೆ ಭಾರ ಏರುಪೇರಾಗುತ್ತದೆ, ಆದ್ದರಿಂದ ಮಾಳಿಗೆಯುದ್ದಕ್ಕೂ ಪದರ ಪದರವಾಗಿ ತೆಗೆಯಬೇಕು.

ಕಂಬಗಳ ಕೆಲಸ ಬಡಿಗೇರರದು. ಟೊಳ್ಳಾದ ಬುಡ ಕೊಯ್ದು, ತೊಲೆಗೆ ಊರೆ ಕೊಟ್ಟು, ಕೆಳಗೆ ಕಲ್ಲಿನ ಪೀಠ ಎತ್ತರಿಸಿ ಕೂಡಿಸಿದರು. ಹಳೆಯ ಚೌಕಟ್ಟಿನ ದೊಡ್ಡ ಕೊರತೆ ಎಂದರೆ ಕಂಬ, ಬೋದಿಗೆ, ತೊಲೆಗಳು ಒಂದರ ಮೇಲೊಂದು ಕೂತಿರುತ್ತವೆಯೇ ಹೊರತು ಒಂದಕ್ಕೊಂದು ಕಟ್ಟಿರುವುದಿಲ್ಲ. ಭಾರ ಕೆಳಮುಖವಾಗಿರುವವರೆಗೆ ಅದು ಸಾಕು, ನೆಲ ಅಡ್ಡಡ್ಡ ಅಲುಗಿದಾಗ ಸಾಲದು. ಹೀಗಾಗಿ ಪ್ರತಿ ಕೂಡಿಗೆ ಕಬ್ಬಿಣದ ಪಟ್ಟಿ, ಕಂಬ-ತೊಲೆಗಳ ನಡುವೆ ಓರೆ ಮರದ ಆಧಾರ ಕೊಡಲಾಯಿತು.

ಗೋಡೆಗೆ ಮಾಡಿದ್ದು ಲಾತೂರ್ ಸೀಮೆಯಲ್ಲಿ ಭೂಕಂಪದ ನಂತರ ಬಳಕೆಗೆ ಬಂದ ವಿಧಾನ. ಸುಮಾರು ಒಂದು ಮೀಟರ್ ಅಂತರದಲ್ಲಿ ಒಂದೊಂದು ಕಲ್ಲು ತೆಗೆದು, ಆಚೆಯಿಂದ ಈಚೆಗೆ ತೂತು ಮಾಡಿ, ಎರಡೂ ತುದಿ ಕೊಕ್ಕೆಯಂತೆ ಬಾಗಿಸಿದ 8 ಮಿಲಿಮೀಟರ್ ಸರಳು ಇಟ್ಟು ಕಾಂಕ್ರೀಟ್ ತುಂಬುವುದು. ಇಲ್ಲದ ಹಾಯ್ಗಲ್ಲಿಗೆ ಇದು ಬದಲಿ. ನಂತರ ಬಾಗಿಲು-ಕಿಟಕಿಗಳ ತಲೆಯ ಮಟ್ಟದಲ್ಲಿ ಒಳಗೂ ಹೊರಗೂ ತಂತಿ ಜಾಳಿಗೆಯ ಪಟ್ಟಿ ಹೊಡೆದು, ಆ ಪಟ್ಟಿಗಷ್ಟೇ ಸಿಮೆಂಟ್ ಗಿಲಾವು. ಉಳಿದ ಗೋಡೆಯ ಹಳೆಯ ಸಿಮೆಂಟನ್ನು ಕೆರೆದು ತೆಗೆದು ಸುಣ್ಣ ಬೆರೆಸಿದ ಮಣ್ಣಿನ ಗಿಲಾವು ಮಾಡಲಾಯಿತು. ಮೊದಲ ಎರಡು ತೂತು ಮಾಡುವಾಗ ಗೊಣಗಿದ್ದ ಗೌಂಡಿ ಆಮೇಲೆ ತಾವೇ ಅಂತರ ಅಳೆಯತೊಡಗಿದರು. ಅಡುಗೆಮನೆಯನ್ನು ಉಳಿಸುವ ಪ್ರಯತ್ನ ಮಾಡಲಿಲ್ಲ. ಅದನ್ನು ಇಳಿಸಿ, ಬುಡ, ಬಾಗಿಲ ತಲೆ, ಮಾಡು ಈ ಮೂರು ಮಟ್ಟದಲ್ಲಿ ಕಾಂಕ್ರೀಟ್ ಪಟ್ಟಿ ಕೊಟ್ಟು ಇಟ್ಟಿಗೆಯಲ್ಲಿ ಕಟ್ಟಲಾಯಿತು.

ನಡುವಿನ ಸಹೋದರ ತಮ್ಮ ಪಾಲಿನ ಹಣವನ್ನೆಲ್ಲ ಹಳೆಯ ಗೋಡೆಗೆ ಹಾಕಲು ಕೊನೆಗೂ ಮನಸ್ಸು ಮಾಡಲಿಲ್ಲ. ಹಿತ್ತಲಿನಲ್ಲಿ, ಹಳೆಯ ಮನೆಗೆ ತಾಗದಂತೆ, ಎರೆ ದಾಟಿ ಗಟ್ಟಿ ನೆಲದವರೆಗೆ ಪಾಯ ತೆಗೆಸಿ ಎರಡು ಸ್ಲ್ಯಾಬ್ ಕೋಣೆ ಕಟ್ಟಿಸಿದರು. ಇದನ್ನು ಹಟವೆಂದು ನೋಡುವುದು ತಪ್ಪು. ಕಿಲ್ಲಾರಿಯ ನಂತರವೂ ಹೀಗೇ ಆಗಿತ್ತು. ಅಲ್ಲಿ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಿದರೆ, ಸುತ್ತಲಿನ ಲಕ್ಷಕ್ಕೂ ಹೆಚ್ಚು ಮನೆಗಳ ದುರಸ್ತಿ ಮತ್ತು ಬಲವರ್ಧನೆಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಮನೆಯವರ ಕೈಗೇ ಕಂತುಗಳಲ್ಲಿ ಹಣ ಬಂತು. ಹಳೆಯ ಕಲ್ಲಿನ ಗೋಡೆಯನ್ನು ಬಲಪಡಿಸಬೇಕೆಂಬುದು ಎಂಜಿನಿಯರರ ನಿರೀಕ್ಷೆ. ಬಹುಪಾಲು ಜನ ಆ ಹಣದಲ್ಲಿ ಪಕ್ಕದಲ್ಲೊಂದು ಹೊಸ ಕೋಣೆ ಕಟ್ಟಿಕೊಂಡರು. ಕಲ್ಲಿನಡಿ ಸಿಕ್ಕವರನ್ನು ಕಂಡವರಿಗೆ ಕಲ್ಲಿನ ಮೇಲೆ ಮತ್ತೆ ನಂಬಿಕೆ ಬರುವುದು ಮಾರ್ಗಸೂಚಿಯಿಂದ ಆಗುವ ಕೆಲಸವಲ್ಲ. ಸ್ಥಳಾಂತರಗೊಂಡ ಊರುಗಳ ಕತೆ ಇನ್ನೂ ಬೇರೆ. ನೇರ ರಸ್ತೆ, ದೂರದೂರ ಮನೆ, ಅಚ್ಚುಕಟ್ಟಾದ ಸಾಲು. ಹಳೆಯ ಊರಿನಲ್ಲಿದ್ದ ಓಣಿ, ಕಟ್ಟೆ, ಮನೆಯೊಳಗೇ ದನ ಕಟ್ಟುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಜನ ತಮಗೆ ಬೇಕಾದ್ದನ್ನು ಆಮೇಲೆ ತಾವೇ ಸೇರಿಸಿಕೊಂಡರು, ಬಹಳ ಸಲ ಭೂಕಂಪದ ನಿಯಮ ಮರೆತು.

ಒಪ್ಪಿಗೆ ಸಿಗದ ಗೋಡೆ

ಕೆಲಸ ನಿಂತದ್ದು ಪೂರ್ವದ ಗೋಡೆಯಲ್ಲಿ. ಅದು ಪಕ್ಕದ ಮನೆಗೂ ಸೇರಿದ ಸಾಮಾಯಿಕ ಗೋಡೆ. ಆ ಮನೆಯವರು ಊರು ಬಿಟ್ಟು ಎಷ್ಟೋ ವರ್ಷವಾಗಿದೆ, ಮನೆಗೆ ಬೀಗ. ಆಚೆ ಬದಿಗೆ ಹೋಗದೆ ತೂತು ಹಾಯಿಸಲಾಗದು, ಜಾಳಿಗೆ ಹೊಡೆಯಲಾಗದು. ಫೋನಿನಲ್ಲಿ ಕೇಳಿದಾಗ ವಾರಸುದಾರರಲ್ಲೊಬ್ಬರು ಸರಿ ಎಂದರು, ಇನ್ನೊಬ್ಬರು ಗೋಡೆಯ ಹಕ್ಕಿನ ತಕರಾರು ಬರುತ್ತದೆಂದು ಬೇಡವೆಂದರು. ಅಣ್ಣ ಬೀಗ ಮುರಿಯುವ ಮಾತೆತ್ತಿದರು, ತಾಯಿ ತಡೆದರು. ಈ ಬದಿಯ ಕಂಬಗಳನ್ನು ಮಾತ್ರ ಗಟ್ಟಿ ಮಾಡಿ ಗೋಡೆಯನ್ನು ಹಾಗೆಯೇ ಬಿಡುವುದೆಂದು ತೀರ್ಮಾನವಾಯಿತು.

ಒಂದು ಮನೆಯ ಸುರಕ್ಷತೆ ಆ ಮನೆಯವರ ಕೈಯಲ್ಲಷ್ಟೇ ಇಲ್ಲ ಎಂಬುದು ಹಳೆಯ ಪೇಟೆಗಳ ಮೂಲ ತೊಡಕು. ಭುಜ್ ಭೂಕಂಪದ ದಿನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಹೊರಟಿದ್ದ ಶಾಲೆಯ ಮಕ್ಕಳು ಸತ್ತದ್ದು ತಮ್ಮ ಮನೆಯಲ್ಲಲ್ಲ, ಶಾಲೆಯಲ್ಲಲ್ಲ. ಇಕ್ಕಟ್ಟಾದ ಬೀದಿಯ ಎರಡೂ ಕಡೆಯ ಕಟ್ಟಡಗಳು ಅವರ ಮೇಲೆ ಬಿದ್ದವು. ಭುಜ್‌ನ ಕೋಟೆಯೊಳಗಿನ ಪೇಟೆಯನ್ನು ಮತ್ತೆ ಕಟ್ಟುವಾಗ ಬೀದಿ ಅಗಲಿಸಲು ಪ್ರತಿ ನಿವೇಶನದಿಂದ ಜಾಗ ಬಿಡಿಸಿಕೊಳ್ಳಬೇಕಾಯಿತು, ಎಷ್ಟೋ ಕುಟುಂಬಗಳು ಊರಾಚೆಯ ಹೊಸ ಬಡಾವಣೆಗಳಿಗೆ ಹೋಗಬೇಕಾಯಿತು. ಬಿದ್ದ ಮೇಲೆ ಕಾನೂನು ಮಾಡಿಸಿದ ಆ ಮಾತುಕತೆಯನ್ನು ನಿಂತಿರುವ ಊರಿನಲ್ಲಿ ಮಾಡಿಸಲು ನಮ್ಮಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ಬೀಗ ಹಾಕಿದ ಮನೆಗಳ ಪಟ್ಟಿಯನ್ನಾದರೂ ಸ್ಥಳೀಯ ಸಂಸ್ಥೆ ಇಟ್ಟುಕೊಂಡರೆ, ವಾರಸುದಾರರನ್ನು ಕೂಡಿಸಿ ಸಾಮಾಯಿಕ ಗೋಡೆಯ ದುರಸ್ತಿಗೆ ಒಂದು ಒಪ್ಪಿಗೆ ಪತ್ರದ ನಮೂನೆ ಮಾಡಿದರೆ, ಹಣ ಖರ್ಚಿಲ್ಲದೆ ಅರ್ಧ ತೊಡಕು ಹರಿಯುತ್ತದೆ ಎಂಬುದು ನನ್ನ ಅನಿಸಿಕೆ.

ಆದದ್ದು

ಭೂಕಂಪ ಬಂದಿಲ್ಲ, ಆದ್ದರಿಂದ ಈ ಮನೆ ಭೂಕಂಪ ತಡೆಯುತ್ತದೆಂದು ಹೇಳಲು ಈ ಪ್ರಕರಣದಲ್ಲಿ ಆಧಾರವಿಲ್ಲ. ಆದದ್ದು ಬೇರೆ. ಆ ವರ್ಷದ ಮಳೆಗಾಲದ ಕೊನೆಗೆ ಹಿಡಿದ ಜಡಿಮಳೆಯಲ್ಲಿ ಪಕ್ಕದ ಬೀಗ ಹಾಕಿದ ಮನೆಯ ಮಾಳಿಗೆ ಸೋರಿ ಸೋರಿ ಒಂದು ರಾತ್ರಿ ಕುಸಿಯಿತು. ಸಾಮಾಯಿಕ ಗೋಡೆಯ ಆಚೆ ಪದರ ಅದರೊಂದಿಗೆ ಹೋಯಿತು. ಬೆಳಗಾಗುವಷ್ಟರಲ್ಲಿ ಈಚೆ ಪದರದ ಒಂದಿಷ್ಟು ಭಾಗವೂ ಪಡಸಾಲಿಯೊಳಕ್ಕೆ ಜರಿಯಿತು. ಮಾಳಿಗೆ ಬೀಳಲಿಲ್ಲ. ಗೋಡೆ ಇಲ್ಲದ ಆ ಬದಿಯಲ್ಲಿ ಜಂತಿಗಳು ಹುದುಗಿದ್ದ ಕಂಬಗಳ ಮೇಲೆ ಬಯಲಿಗೆ ಬಂದು ನಿಂತಿದ್ದವು. ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಬಂದ ತಮ್ಮ ಮೊದಲು ಮಾಡಿದ ಕೆಲಸವೆಂದರೆ ಕಂಬಗಳಿಗೆ ಹೊಡೆದಿದ್ದ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ್ದು. ಹಿಂದಿನ ಬೇಸಿಗೆಯಲ್ಲಿ ಆ ಗೋಡೆಯ ಮೇಲೆ ಸ್ಲ್ಯಾಬ್ ಕೂತಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಇದೇ ಘಟನೆ ಇನ್ನೊಂದನ್ನೂ ತೋರಿಸಿತು. ಹೊಟ್ಟೆ ಬಿಟ್ಟಿದ್ದ, ಆದರೆ ಸರಳು ಹಾಯಿಸಿದ್ದ ಉತ್ತರ ಗೋಡೆಗೂ ಅಷ್ಟೇ ಮಳೆ ಬಡಿದಿತ್ತು. ಅಲ್ಲಿ ತೂಗುಗುಂಡಿನ ಅಳತೆ ಹಿಂದಿನಂತೆಯೇ ಇತ್ತು. ಹಣ ಸಾಲದವರು ಯಾವುದನ್ನು ಮೊದಲು ಮಾಡಬೇಕೆಂದು ಕೇಳಿದರೆ ಈಗ ನಾನು ಹೇಳುವ ಅನುಕ್ರಮ ಇದರಿಂದ ಬಂದದ್ದು: ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು, ಸೋರಿಕೆ ನಿಲ್ಲಿಸುವುದು, ಹುದುಗಿದ ಕಂಬಗಳ ಬುಡ ನೋಡುವುದು, ಆಮೇಲೆ ಗೋಡೆ. ಮೊದಲ ಮೂರಕ್ಕೆ ಬೇಕಾದದ್ದು ಹೆಚ್ಚಾಗಿ ಆಳುಗಳ ಕೂಲಿ ಮತ್ತು ಒಬ್ಬ ಬಲ್ಲ ಬಡಿಗೇರ. ಕಂಬಗಳೇ ಇಲ್ಲದ ಮನೆಗೆ ಈ ಅನುಕ್ರಮ ಹೊಂದುವುದಿಲ್ಲ. ಅಲ್ಲಿ ಜಂತಿಗಳಿಗೆ ಗೋಡೆಯ ಪಕ್ಕದಲ್ಲಿ ಹೊಸ ಕಂಬ-ತೊಲೆ ಕೊಡುವುದೇ ಮೊದಲ ಕೆಲಸ.

ತಾಯಿ ಕೆಲವು ತಿಂಗಳು ಹಿತ್ತಲಿನ ಸ್ಲ್ಯಾಬ್ ಕೋಣೆಯಲ್ಲಿ ಮಲಗಿ, ಬೇಸಿಗೆ ಬಂದಾಗ ಸೆಕೆ ತಡೆಯದೆ ಪಡಸಾಲಿಗೆ ಮರಳಿದರು. ತಂಗಿ ಈಗಲೂ ಬಂದಾಗ ಹಿತ್ತಲಿನ ಕೋಣೆಯಲ್ಲೇ ಮಲಗುತ್ತಾರೆ. ಕುಸಿದ ಮೇಲೆ ಪಕ್ಕದ ಮನೆಯ ವಾರಸುದಾರರಿಬ್ಬರೂ ಒಪ್ಪಿಗೆ ಬರೆದುಕೊಟ್ಟಿದ್ದಾರೆ. ಪೂರ್ವದ ಗೋಡೆಯನ್ನು ಹಳೆಯ ದಪ್ಪದಲ್ಲಿ ಕಟ್ಟದೆ, ಒಂದು ಅಡಿಯ ಇಟ್ಟಿಗೆ ಗೋಡೆಯಾಗಿ, ಮಾಳಿಗೆಯ ಭಾರ ಹೊರದಂತೆ ಕಂಬಗಳಿಂದ ಬಿಡಿಸಿ ಕಟ್ಟಲು ನಿಶ್ಚಯವಾಗಿದೆ. ಉಳಿದಿರುವ ತಕರಾರು ಒಂದೇ. ಹಿತ್ತಲಿನ ಕೋಣೆಗಳ ಮೇಲೆ ಇನ್ನೊಂದು ಅಂತಸ್ತು ಏರಿಸಬೇಕೆಂದು ನಡುವಿನ ತಮ್ಮ ಕೇಳುತ್ತಿದ್ದಾರೆ. ಒಂದೇ ಅಂತಸ್ತಿಗೆ ತೆಗೆಸಿದ ಪಾಯ ಅದಕ್ಕೆ ಸಾಲದೆಂದು ಬರೆದುಕೊಟ್ಟಿದ್ದೇನೆ, ಅವರು ಬೇರೊಬ್ಬರ ಅಭಿಪ್ರಾಯವನ್ನೂ ಪಡೆಯುತ್ತಿದ್ದಾರೆ.